ಗೋಡೆಯ ಸಂದಿಯಲ್ಲಿಟ್ಟ ಕೂದಲು

ಅದು ೨೦೨೨ನೆಯ ಇಸವಿ; ಆಗ ನನಗೆ ಐವತ್ತಮೂರು ವರ್ಷ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸವನ್ನು ನಾನಾಗಿಯೇ ಬಿಟ್ಟು, ಶಹಾಬಾದದ ಮನೆಯಲ್ಲಿ ಓದುತ್ತ ಬರೆಯುತ್ತ ಕುಳಿತು ಒಂದು ವರ್ಷವಾಗಿತ್ತು. ಆ ವರ್ಷ ದೀಪಾವಳಿಯ ಹಿಂದಿನ ದಿನ ನನ್ನ ಹೆಂಡತಿ ಎಂದಿನಂತೆ ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡಳು. ಮರುದಿನ ಬೆಳಗ್ಗೆ ಆರತಿಯ ತಟ್ಟೆ ಹಿಡಿದು ನನ್ನೆದುರಿಗೆ ಬಂದು ನಿಂತವಳನ್ನು ನಾನು ಗುರುತಿಸಲಿಲ್ಲ. ಈ ಮಾತನ್ನು ಅಲಂಕಾರಕ್ಕಾಗಿ ಬರೆಯುತ್ತಿಲ್ಲ. ರೆಪ್ಪೆಗಳು ಬಾತು ಕಣ್ಣುಗಳು ಎರಡು ಗೀರುಗಳಾಗಿದ್ದವು. ಹಣೆ ಉಬ್ಬಿ ಹುಬ್ಬಿನ ಮೇಲೆ ಜೋತಿತ್ತು. ಆ ಮುಖದ ಸುತ್ತ ಆಗ ತಾನೇ ತೊಳೆದ ಕೂದಲು ಮಾತ್ರ ಮಸಿಯಂತೆ ಕಪ್ಪಾಗಿ, ಬೇರೆ ಯಾರದೋ ತಲೆಯಿಂದ ತಂದು ಇಟ್ಟಂತೆ ಕಾಣುತ್ತಿತ್ತು.

“ಹಿಂಗ್ಯಾಕ ನೋಡ್ಲಿಕತ್ತೀರಿ? ನಾನೇ ಅದೀನಿ,” ಎಂದಳು. ದನಿ ಅವಳದೇ ಆಗಿತ್ತು.

ಡಾಕ್ಟರು ನೋಡಿದ ಕೂಡಲೇ ಬಣ್ಣದ ಪೊಟ್ಟಣ ತರಿಸಿ ಓದಿದರು. ಅವಳ ಮೈ ಈ ಬಣ್ಣವನ್ನು ಇನ್ನು ತಾಳುವುದಿಲ್ಲವೆಂದೂ, ಮತ್ತೊಮ್ಮೆ ಹಚ್ಚಿದರೆ ಬಾವು ಗಂಟಲಿಗಿಳಿದು ಉಸಿರು ಕಟ್ಟಬಹುದೆಂದೂ ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು. ಅದು ಒಪ್ಪಿಗೆಯೆಂದು ನಾನು ತಿಳಿದುಕೊಂಡೆ.

ಆ ಕೂದಲಾದರೂ ಉಳಿಸಿಕೊಳ್ಳುವಂಥದ್ದಾಗಿರಲಿಲ್ಲ. ನಮ್ಮೂರಿನ ನೀರು ಕಲ್ಲಿನೊಳಗಿಂದ ಬರುವ ನೀರು. ಬಕೆಟ್ಟಿನ ಅಂಚಿಗೆ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ. ಇಪ್ಪತ್ತು ವರ್ಷದ ಬಣ್ಣದ ಮೇಲೆ ಆ ನೀರು ಬಿದ್ದು ಬಿದ್ದು, ಎಳೆಗಳು ನಡುವೆ ಮುರಿದು, ತುದಿಯಲ್ಲಿ ಸೀಳಿ, ತಾಮ್ರದ ತಂತಿಯಂತೆ ಕೆಂಪಗಾಗಿದ್ದವು. ಬಣ್ಣ ಹಚ್ಚಿದ ವಾರ ಮಾತ್ರ ಕಪ್ಪು. ಆಮೇಲೆ ಬೇರಿನಲ್ಲಿ ಬಿಳಿ, ನಡುವೆ ಕಪ್ಪು, ತುದಿಯಲ್ಲಿ ಕೆಂಪು. ಬಿಡಬಾರದೇಕೆ ಎಂದು ನಾನು ಹಿಂದೆಯೂ ಕೇಳಿದ್ದುಂಟು. ಆಗೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು.

ಸಂಕ್ರಾಂತಿಗೆ ನನಗೆ ಹೇಳದೆ ‘ಕರಿ ಮೆಹಂದಿ’ ಎಂದು ಮಾರುವ ಇನ್ನೊಂದು ಪುಡಿಯನ್ನು ತಂದು ಹಚ್ಚಿಕೊಂಡಳು. ಈ ಸಲ ಕಣ್ಣು ಪೂರ್ತಿ ಮುಚ್ಚಿದವು. ಗಂಟಲಿನಿಂದ ಸಿಳ್ಳಿನಂಥ ಸದ್ದು ಬರತೊಡಗಿ, ಆಸ್ಪತ್ರೆಯಲ್ಲಿ ಎರಡು ದಿನ ಇರಬೇಕಾಯಿತು. ಮನೆಗೆ ಬಂದ ಮೇಲೆ ನಾನು ಸಿಟ್ಟು ಮಾಡಲಿಲ್ಲ; ಕಾರಣ ಹೇಳು ಎಂದು ಮಾತ್ರ ಕೇಳಿದೆ. ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದವಳು ಅದನ್ನು ತೆಗೆಯದೆಯೇ ಹೇಳಿದಳು:

“ನಮ್ಮ ಮನ್ಯಾಗ ತಲಿ ಬೆಳ್ಳಗಾತಂದ್ರ ಆ ಹೆಣ್ಣು ಮುಂದಿನ ವರ್ಷ ಕಾಣಂಗಿಲ್ರಿ.”

ನಾನು ನಕ್ಕೆ. ಅವಳು ನಗಲಿಲ್ಲ. ಅವಳ ಅವ್ವನ ತಲೆ ಅರವತ್ತರ ತನಕ ಕಪ್ಪಾಗಿತ್ತು. ಒಂದು ವರ್ಷ ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಆ ವರ್ಷವೇ ಹೋದಳು. ಅವ್ವ ಹೋದ ಮೂರನೆಯ ತಿಂಗಳಿಗೆ ಅಕ್ಕ ಹೋದಳು. ನಮ್ಮ ಮಗಳು ಆಗ ಬಾಣಂತಿ ಕೋಣೆಯ ಕೂಸು. ಹೀಗಾಗಿ ಇವಳು ತವರಿಗೆ ಹೋದದ್ದು ಮಣ್ಣಿನ ದಿನವೇ. ನಮ್ಮ ಪದ್ಧತಿಯಂತೆ ಅಕ್ಕನನ್ನು ಗೋಡೆಗೊರಗಿಸಿ ಕೂಡಿಸಿ, ಮೈಗೆಲ್ಲ ವಿಭೂತಿ ಬಳಿದು, ಸೆರಗು ಹೊದಿಸಿದ್ದರು. ಸೆರಗಿನ ಅಂಚಿನಲ್ಲಿ ಒಂದು ಎಳೆ ಹೊರಗೆ ಬಿದ್ದಿತ್ತು. ಅದು ಬಿಳಿಯಾಗಿತ್ತು.

“ವಿಭೂತಿ ಹತ್ತಿರಬೇಕು,” ಎಂದೆ.

“ಇರಬೌದು. ಯಾರು ಒರಸಿ ನೋಡ್ಯಾರ?” ಎಂದಳು. ಒದ್ದೆ ಬಟ್ಟೆಯನ್ನು ಮಗುಚಿ ಹಾಕಿಕೊಂಡು, “ಬಾವು ಇಳೀಲಿ, ಬ್ಯಾರೆ ಕಂಪನೀದು ತರ್ತೀನಿ,” ಎಂದಳು.

ಇಲ್ಲಿಂದ ಮುಂದೆ ಸಂಗತಿ ಸ್ಪಷ್ಟವಾಗಿತ್ತು. ಈ ನಂಬಿಕೆ ಉಳಿದರೆ ನನ್ನ ಹೆಂಡತಿ ಉಳಿಯುವುದಿಲ್ಲ. ಜೀವನವಿಡೀ ಮಕ್ಕಳ ತಪ್ಪು ತಿದ್ದಿದವನು ನಾನು. ತಪ್ಪಿದ್ದಲ್ಲಿ ಅದಕ್ಕೊಂದು ಆಧಾರ ತೋರಿಸಿ ತಿದ್ದಬಹುದೆಂಬ ಭರವಸೆ ನನ್ನಲ್ಲಿ ಇನ್ನೂ ಇತ್ತು. ಅವಳ ತವರಿನ ಸಂಗತಿ ತಿಳಿದವರಲ್ಲಿ ಬದುಕಿದ್ದವಳು ಚಿಂಚೋಳಿಯ ಚಿಗವ್ವ ಒಬ್ಬಳೇ. ನನ್ನ ಅತ್ತೆಯ ತಂಗಿ. ಮಾಘ ಮುಗಿಯುವುದರೊಳಗೆ ಇಬ್ಬರೂ ಅಲ್ಲಿಗೆ ಹೋದೆವು.

ಚಿಗವ್ವನಿಗೆ ಎಪ್ಪತ್ತೈದು ದಾಟಿತ್ತು. ಬಾಗಿಲಲ್ಲಿ ನಿಂತ ಅವಳ ತಲೆ ಹೊಸ ಕಬ್ಬಿಣದ ಬಾಣಲೆಯಂತೆ ಕಪ್ಪಗೆ ಹೊಳೆಯುತ್ತಿತ್ತು. ಅದರ ಕೆಳಗಿನ ಮುಖ ಒಣಗಿದ ಹುಣಸೆಹಣ್ಣು. ಇವಳ ಬೈತಲೆಯಲ್ಲಿ ಬೆರಳಗಲ ಬೆಳೆದ ಬಿಳಿಯನ್ನು ಕಂಡದ್ದೇ ತಡ, ಕೈಹಿಡಿದು ಒಳಗೆಳೆದುಕೊಂಡಳು.

“ಏನವ್ವಾ ಇದು, ತಲಿ ಮ್ಯಾಲ ಸುಣ್ಣದ ಗೆರಿ ಎಳಕೊಂಡು ಬಂದಿ! ಮಾಸ್ತರ, ಹೆಂಡ್ತಿ ತಲೀಗೆ ಒಂದು ಪುಡಿ ತಂದು ಕೊಡ್ಲಿಕ್ಕೆ ನಿಮಗ ಆಗವಲ್ದೇನ್ರಿ? ಪಿಂಚಣಿ ಎಲ್ಲಾ ಪುಸ್ತಕಕ್ಕ ಹಾಕ್ತೀರೇನು?”

“ಪುಡಿ ತಂದದ್ದಕ್ಕೇ ದವಾಖಾನಿ ಕಂಡು ಬಂದಾಳ, ಚಿಗವ್ವಾರ.”

“ಮುಖ ಬಾತರ ಇಳೀತದ್ರಿ. ಹೋದ ಜೀವ ಬರಂಗಿಲ್ಲ.” ಜೋಳದ ಹಿಟ್ಟು ನಾದುತ್ತಲೇ ಮಾತಾಡಿದಳು. “ನಮ್ಮವ್ವಂದೂ ಹಿಂಗೇ ಆತು, ನಮ್ಮಕ್ಕಂದೂ ಹಿಂಗೇ ಆತು. ನನ್ನ ನೋಡ್ರಿ. ಅಮಾಸಿಗೊಮ್ಮಿ, ಹುಣ್ಣಿಮಿಗೊಮ್ಮಿ ಕಲಪ ಹಚ್ಚತೀನಿ. ಯಮ ಬಂದ್ರೂ ‘ಇಕಿ ಇನ್ನಾ ಹುಡಿಗಿ ಅದಾಳ’ ಅಂತ ಮುಂದಿನ ಮನೀಗೆ ಹೋಗಬೇಕು.”

ಹೆಂಡತಿ ನಕ್ಕಳು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ನಾನು ಬಿಡದೆ ಕೇಳಿದೆ: ಅತ್ತೆಯ ತಲೆ ಒಂದೇ ವರ್ಷದಲ್ಲಿ ಬೆಳ್ಳಗಾಯಿತೆನ್ನುವುದಕ್ಕೆ ಸಾಕ್ಷಿ ಏನು?

“ಸಾಕ್ಷಿ ಏನ್ ಕೇಳ್ತೀರಿ? ಆಕಿ ಕೂದ್ಲ ಇನ್ನಾ ಆ ಗ್ವಾಡಿ ಸಂದ್ಯಾಗ ಅದಾವ. ತಾಯಿ ಮಗಳು ಇಬ್ಬರ್ದೂ ಅದಾವ.” ಹೇಳಿದ ಮೇಲೆ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟಳು. “ಆದ್ರ ಅವನ್ನ ಮುಟ್ಟಬ್ಯಾಡ್ರಿ. ಹೋದವರ ಕೂದ್ಲ ಹಿಡದು ಜಗ್ಗಬಾರದು.”

ಆಕೆ ಬೇಡವೆಂದು ಹೇಳದಿದ್ದರೆ ನನಗೆ ಅದು ಹೊಳೆಯುತ್ತಲೇ ಇರಲಿಲ್ಲ.

ನಮ್ಮ ಸೀಮೆಯ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಎಲ್ಲೆಂದರಲ್ಲಿ ಬಿಡುವುದಿಲ್ಲ. ಕಂಡವರ ಕೈಗೆ ಸಿಕ್ಕರೆ ಮಾಟಕ್ಕೆ ಆದೀತೆಂಬ ಅಂಜಿಕೆ. ಬೆರಳಿಗೆ ಸುತ್ತಿ ಉಂಡೆ ಮಾಡಿ, ಉಗುಳು ಸೋಕಿಸಿ, ಗೋಡೆಯ ಕಲ್ಲುಗಳ ನಡುವಿನ ಸಂದಿಗೆ ತುರುಕುತ್ತಾರೆ. ಆಡಕಿಯ ನನ್ನ ಮಾವನ ಮನೆಯಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬೊಬ್ಬ ಹೆಣ್ಣಿಗೆ ಒಂದೊಂದು ಸಂದಿ. ಮಗಳು ಲಗ್ನವಾಗಿ ಹೋದ ದಿನ ತಾಯಿ ಅವಳ ಸಂದಿಗೆ ಹಸಿ ಮಣ್ಣು ಒತ್ತಿ ಮುಚ್ಚುತ್ತಿದ್ದಳು. ಆ ಮನೆಯ ಲೆಕ್ಕದಲ್ಲಿ ಅವಳು ಹೊರಟುಹೋದಳೆಂದು ಅದರ ಅರ್ಥ. ಗಂಡನನ್ನು ಕಳೆದುಕೊಂಡು ತಿರುಗಿ ಬಂದ ಅಕ್ಕ, ತನ್ನ ಸಂದಿಯ ಮಣ್ಣನ್ನು ಚಮಚದಿಂದ ತಾನೇ ಕೆರೆದು ತೆಗೆದಳಂತೆ.

ಸೇಡಂನಿಂದ ಆಟೋ ಮಾಡಿಕೊಂಡು ಆಡಕಿ ತಲುಪಿದಾಗ ಮಧ್ಯಾಹ್ನ. ಮನೆಯಲ್ಲಿ ವಾಸವಿದ್ದವರು ಯಾರೂ ಇಲ್ಲ; ಹೊಲ ಮಾಡುವವನು ತೊಗರಿಯ ಚೀಲಗಳನ್ನು ಒಟ್ಟಿಕೊಂಡಿದ್ದ. ಹಿತ್ತಲ ಬಾಗಿಲು ತೆರೆದರೆ ಬೆಳಕು ಒಂದು ಗೋಡೆಯ ಮೇಲೆ ಓರೆಯಾಗಿ ಬೀಳುತ್ತದೆ. ಹೆಂಗಸರು ತಲೆ ಬಾಚಲು ಕೂಡುತ್ತಿದ್ದದ್ದು ಅಲ್ಲಿಯೇ. ಒಡ್ಡುಕಲ್ಲು, ಮಣ್ಣಿನ ಗಾರೆ, ಗಿಲಾವು ಇಲ್ಲ. ಒಳಗೆ ಕಾಲಿಟ್ಟಾಗ ಗೋಡೆ ಗೋಡೆಯಂತೆಯೇ ಇತ್ತು. ಕಣ್ಣು ಬೆಳಕಿಗೆ ಹೊಂದಿಕೊಂಡ ಮೇಲೆ ಅದರಲ್ಲಿ ಏನೋ ಅಲುಗುತ್ತಿರುವುದು ಕಂಡಿತು. ಎರಡು ಸಂದಿಗಳಿಂದ ಹೊರಬಿದ್ದ ಎಳೆಗಳು ಹಿತ್ತಲ ಗಾಳಿಗೆ ಮೆಲ್ಲಗೆ ಎದ್ದು, ಮೆಲ್ಲಗೆ ಕಲ್ಲಿನ ಮೇಲೆ ಮಲಗುತ್ತಿದ್ದವು. ಕೂತವರ ತಲೆಯ ಎತ್ತರಕ್ಕೆ. ಕಲ್ಲಿನ ಆ ಭಾಗ ಎಷ್ಟೋ ವರ್ಷದ ಎಣ್ಣೆಗೈ ತಾಗಿ ಕಪ್ಪಾಗಿತ್ತು. ಹತ್ತಿರ ಹೋದಾಗ ಕೊಬ್ಬರಿ ಎಣ್ಣೆಯ ಕಮಟು ವಾಸನೆ ಬಂತು. ಇಪ್ಪತ್ತು ವರ್ಷದ ಮೇಲೆ ಎಣ್ಣೆ ವಾಸನೆ ಉಳಿಯುತ್ತದೆಯೇ, ನಾನರಿಯೆ.

ಮೂರನೆಯ ಸಂದಿ ಮುಚ್ಚಿತ್ತು. ಅದು ಇವಳದು. ಒಣಗಿ ಕಲ್ಲಾದ ಮಣ್ಣಿನ ಮೇಲೆ ಮೂರು ಬೆರಳಿನ ಗುರುತು ಆಳವಾಗಿ ಕೂತಿತ್ತು. ಹೆಂಡತಿ ತನ್ನ ಮೂರು ಬೆರಳುಗಳನ್ನು ಆ ಕುಳಿಗಳಲ್ಲಿಟ್ಟಳು. ಹಿಡಿಸಿದವು. ತಟ್ಟನೆ ಕೈ ಹಿಂದೆಗೆದುಕೊಂಡಳು.

ಅವಳ ಮುಡಿಯ ಪಿನ್ನನ್ನು ತೆಗೆದುಕೊಂಡು ಮೊದಲು ಅತ್ತೆಯ ಸಂದಿಗೆ ಹಾಕಿದೆ. ಉಂಡೆಗಳು ಒಂದರ ಬಾಲಕ್ಕೆ ಒಂದು ಸುತ್ತಿಕೊಂಡು, ಬಾವಿಯಿಂದ ಹಗ್ಗ ಬಂದಂತೆ ಬಂದವು. ಎಳೆದಷ್ಟೂ ಬಂದವು. ಹೊರಗಿನವು ಕೊನೆಯ ಕಾಲದವು, ಒಳಗಿನವು ಹಳೆಯವು. ಆ ಕ್ರಮ ಕೆಡದಂತೆ ಹಾಸುಗಲ್ಲಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದು ಎಳೆಯನ್ನೂ ಬಿಸಿಲಿಗೆ ಹಿಡಿದು ನೋಡಿದಾಗ ನನಗೆ ಬೇಕಾದದ್ದು ಸಿಕ್ಕಿತು.

“ನೋಡು, ಬೇರಿನ ಕಡೆ ಬೆಳ್ಳಗ ಅದ, ತುದಿ ಕರ್ರಗ ಅದ. ಇದರಾಗೂ ಹಂಗ. ಇದರಾಗೂ ಹಂಗ. ಭಾಳ ಒಳಗಿನ ಉಂಡ್ಯಾಗೂ ಹಂಗೇ. ನಿಮ್ಮವ್ವ ಬಣ್ಣ ಹಚ್ಚತಿದ್ದಳು. ನೀ ಲಗ್ನ ಆಗೋಕ್ಕಿಂತ ಮೊದಲಿಂದ ಆಕಿ ತಲಿ ಬೆಳ್ಳಗಿತ್ತು.”

ಅವಳು ಒಂದು ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನಾನು ವಿವರಿಸಿದೆ: ಹಾಸಿಗೆ ಹಿಡಿದವಳಿಗೆ ಬಣ್ಣ ಹಚ್ಚುವವರು ಯಾರು? ಕಾಯಿಲೆ ಮೊದಲು ಬಂತು, ಬಣ್ಣ ನಿಂತಿತು, ಒಳಗಿದ್ದ ಬಿಳಿ ಹೊರಗೆ ಕಂಡಿತು, ಆಮೇಲೆ ಸಾವು. ಜನ ಬಿಳಿಯನ್ನೂ ಸಾವನ್ನೂ ಮಾತ್ರ ನೋಡಿದರು. ಇಡೀ ನಂಬಿಕೆ ಹಿಂದುಮುಂದಾಗಿ ನಿಂತಿದೆ.

ಅವಳು ಅಲ್ಲಿಂದಲೇ ಚಿಂಚೋಳಿಗೆ ಫೋನ್ ಮಾಡಿ, ಮಾತು ನನಗೂ ಕೇಳುವಂತೆ ಹಿಡಿದಳು.

“ಚಿಗವ್ವ, ಅವ್ವಗ ಕಲಪ ಯಾರು ತಂದು ಕೊಡತಿದ್ದರು?”

“ಮುಟ್ಟಿದಿರೇನು?” ಎಂದಳು ಚಿಗವ್ವ. ಆಮೇಲೆ, “ನಾನೇ ತಂದು ಕೊಡತಿದ್ದೆ,” ಎಂದಳು.

“ಅಂದ್ರ ಅವ್ವನ ತಲಿ ಮೊದಲೇ ಬೆಳ್ಳಗಿತ್ತಲ್ಲ?”

“ಇದ್ರ ಇರ್ಲಿ ಬಿಡವ್ವಾ. ಇದ್ರ ಏನೂ ಆಗಂಗಿಲ್ಲ. ಹೊರಗ ಕಾಣಬಾರದು. ಕಾಣ್ತಂದ್ರ ಮುಗೀತು.”

ನನ್ನ ಆಧಾರವನ್ನು ಆ ಮುದುಕಿ ಮೂವತ್ತು ಮೈಲಿ ಆಚೆ ಕುಳಿತು ಒಂದೇ ಮಾತಿನಲ್ಲಿ ಕಿತ್ತುಹಾಕಿದಳು. ಸಿಟ್ಟಿನಿಂದ ನಾನು ಅಕ್ಕನ ಸಂದಿಗೆ ಪಿನ್ನು ಹಾಕಿದೆ. ಅಲ್ಲಿ ಕೆಲವೇ ಉಂಡೆಗಳಿದ್ದವು. ಒಳಗಿನವೆಲ್ಲ ಬೇರಿನಿಂದ ತುದಿಯ ತನಕ ಕಪ್ಪು. ಆಕೆ ಬಣ್ಣ ಹಚ್ಚುತ್ತಿರಲಿಲ್ಲವೆಂಬುದು ಅದರಿಂದಲೇ ತಿಳಿಯುತ್ತಿತ್ತು. ಆದರೆ ಎಲ್ಲಕ್ಕಿಂತ ಹೊರಗೆ, ಬಾಯಿಯ ಹತ್ತಿರ, ಗಾಳಿಗೆ ಅಲುಗುತ್ತಿದ್ದದ್ದು ಒಂದು ದೊಡ್ಡ ಬಿಳಿ ಉಂಡೆ. ಬೇರಿನಿಂದ ತುದಿಯ ತನಕ ಬಿಳಿ. ನಡುವೆ ಬೂದು ಇಲ್ಲ, ಎರಡು ಬಣ್ಣದ ಎಳೆ ಒಂದೂ ಇಲ್ಲ. ಕಪ್ಪು, ಕಪ್ಪು, ಕಪ್ಪು, ಆಮೇಲೆ ಇದು.

ತೊಗರಿ ಚೀಲದ ಹಿಂದೆ ಏನೋ ಹರಿದಾಡಿ ಸುಮ್ಮನಾಯಿತು.

“ಇದು ಅಕ್ಕಂದಲ್ಲ,” ಎಂದಳು ಕೊನೆಗೆ. “ಅವ್ವಂದು. ಹಾಸಿಗಿ ಹಿಡದಾಗ ಅವ್ವನ ತಲಿ ಅಕ್ಕನೇ ಹಿಕ್ಕತಿದ್ದಳು. ಹಿಕ್ಕಿ ತನ್ನ ಸಂದ್ಯಾಗ ಇಟ್ಟಾಳ.”

ನಾನು ಒಂದು ಎಳೆಯ ತುದಿ ಹಿಡಿದು ಎತ್ತಿದೆ. ಅದು ಎದ್ದು ಬರುತ್ತಲೇ ಇತ್ತು. ಅತ್ತೆ ಹಾಸಿಗೆಯಲ್ಲಿದ್ದದ್ದು ಒಂದು ವರ್ಷ. ತೊಡಕಾಗುತ್ತದೆಂದು ಕಪ್ಪು ಉಳಿದ ತುದಿಯನ್ನೆಲ್ಲ ಆಗ ಕತ್ತರಿಸಿ, ಗಿಡ್ಡ ಮಾಡಿದ್ದರು. ಒಂದು ವರ್ಷದಲ್ಲಿ ಬೆಳೆದ ಬಿಳಿ ಗೇಣುದ್ದ ಇರಬಹುದು. ನನ್ನ ಕೈಯಲ್ಲಿದ್ದದ್ದು ಮೊಳಕ್ಕಿಂತ ಹೆಚ್ಚಾಗಿತ್ತು.

“ಉದ್ದ ಭಾಳ ಅದ,” ಎಂದೆ.

“ಅಳೀಬ್ಯಾಡ್ರಿ.” ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬೆರಳಿಗೆ ಸುತ್ತಿದಳು. ಎಲ್ಲವನ್ನೂ ಬಂದ ಕ್ರಮದಲ್ಲೇ ಸಂದಿಗಳಿಗೆ ಸೇರಿಸಿ, ಹೊರಗೆ ಬಂದು, ಹಿತ್ತಲ ತೊಟ್ಟಿಯಲ್ಲಿ ಕೈ ತೊಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು: “ಮಗಳು ಮೊನ್ನೆ ಫೋನ್‌ನ್ಯಾಗ ಕೇಳ್ಯಾಳ, ‘ಅವ್ವಾ, ಒಂದು ಬಿಳಿ ಕೂದ್ಲ ಬಂದದ, ನಾನೂ ಹಚ್ಚಲೇನು’ ಅಂತ. ಆಕೀಗೆ ಏನು ಹೇಳಲಿ? ಚಿಗವ್ವ ಹೇಳಿದ್ದು ಖರೇನೋ, ನೀವು ಹೇಳಿದ್ದು ಖರೇನೋ, ನನ್ನ ತಲಿನೇ ಹೇಳಲಿ. ಇನ್ನ ಹಚ್ಚಂಗಿಲ್ಲ. ಕರಿ ಎಲ್ಲಾ ಹೋದ ದಿನದಿಂದ ಒಂದು ವರ್ಷ ನೋಡೋಣು.”

ಬಣ್ಣವನ್ನು ಕರಗಿಸಿ ತೆಗೆಯುವ ಔಷಧಗಳಿವೆಯೆಂದು ಚಿತ್ತಾಪುರದ ಪಾರ್ಲರಿನವಳು ಹೇಳಿದಳು; ಅವೂ ಅದೇ ಜಾತಿಯ ವಿಷವೆಂದು ಡಾಕ್ಟರು ಬೇಡವೆಂದರು. ಉಳಿದ ದಾರಿ ಒಂದೇ: ಬೆಳೆಯಲು ಬಿಡುವುದು, ಬೆಳೆದಷ್ಟು ಕೆಳಗಿನಿಂದ ಕತ್ತರಿಸುವುದು. ತಿಂಗಳು ತಿಂಗಳು ಬಿಳಿ ಕೆಳಗಿಳಿಯಿತು. ಮೊದಲು ಹಣೆಯ ಮೇಲೆ ವಿಭೂತಿಯ ಪಟ್ಟೆಯಂತಿತ್ತು. ಮಳೆಗಾಲಕ್ಕೆ ಕಿವಿಯ ಮೇಲಕ್ಕೆ ಬಂತು. ಸಾರು ಬಡಿಸಲು ಬಗ್ಗಿದವಳ ತಲೆ ನೋಡುವಾಗ, ಒಬ್ಬ ಮುದುಕಿ ನನ್ನ ಹೆಂಡತಿಯ ತಲೆಯೊಳಗಿಂದ ನಿಧಾನವಾಗಿ ಹೊರಗೆ ಬರುತ್ತಿದ್ದಾಳೆನ್ನಿಸುತ್ತಿತ್ತು. ಅವಳು ಪೂರ್ತಿ ಹೊರಬಂದ ಮೇಲೆ ಇವಳು ಎಲ್ಲಿಗೆ ಹೋಗುತ್ತಾಳೆ?

ಬೀದಿಯಲ್ಲಿ ಕೂದಲು ಕೊಳ್ಳುವವಳು ಪಿನ್ನು, ಪ್ಲಾಸ್ಟಿಕ್ಕಿನ ಡಬ್ಬಿ ಹೊತ್ತು ಬರುತ್ತಾಳೆ. ನಮ್ಮ ಗೋಡೆಗೆ ಸಿಮೆಂಟಿನ ಗಿಲಾವು ಇರುವುದರಿಂದ ಹೆಂಡತಿ ತನ್ನ ಉಂಡೆಗಳನ್ನು ಅವಳಿಗೇ ಕೊಡುತ್ತಿದ್ದಳು. ಈ ಸಲ ಅವಳು ಉಂಡೆಯನ್ನು ಬಿಡಿಸಿ ಬೆಳಕಿಗೆ ಹಿಡಿದು, ಇವಳ ಮುಖ ನೋಡಿ, ಹಿಂದಕ್ಕೆ ಕೊಟ್ಟಳು.

“ಇದು ಬ್ಯಾಡವ್ವಾ. ಎರಡು ಮಂದಿದು ಕೂಡ್ಯಾವ.”

“ಎರಡೂ ನಂದೇ ಅದಾವ ತಗೋ.”

“ಇಲ್ಲವ್ವಾ, ಬ್ಯಾಡ,” ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಮುಂದೆ ನಮ್ಮ ಮನೆಯ ಮುಂದೆ ಅವಳು ಕೂಗು ಹಾಕಲಿಲ್ಲ.

ಆ ಚಳಿಗಾಲ ಚಿತ್ತಾಪುರದಲ್ಲಿ ಒಂದು ಮದುವೆಯಿತ್ತು. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕು. ವಾಡಿಯ ಕಡೆ ಗಿಡದ ಎಲೆ, ತಗಡಿನ ಮಾಡು, ಕಟ್ಟೆಯ ಮೇಲೆ ಮಲಗಿದ ನಾಯಿ, ಎಲ್ಲದರ ಮೇಲೂ ಸಿಮೆಂಟಿನ ಬೂದು ಧೂಳು ಇರುತ್ತದೆ; ಅಲ್ಲಿ ಇವಳ ತಲೆ ಯಾರ ಕಣ್ಣಿಗೂ ಬೀಳದೆಂದುಕೊಂಡಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತಿದ್ದೆವು. ಗಂಟು ಹೊತ್ತ ಒಬ್ಬ ಮುದುಕಿ ದಾಟಿ ಹೋದವಳು ನಿಂತಳು, ತಿರುಗಿ ಬಂದಳು, ಇವಳನ್ನು ಅಕ್ಕನ ಹೆಸರು ಹಿಡಿದು ಕರೆದಳು.

“ಅಯ್ಯ, ನೀ ಯಾವಾಗ ಬಂದೆವ್ವಾ?”

ಇವಳು ಸೆರಗು ಸರಿಮಾಡಿಕೊಂಡು, ಸ್ವಲ್ಪವೂ ತಡವರಿಸದೆ, “ನಿನ್ನಿ ಬಂದೆ ಆಯಿ. ಆರಾಮ ಇದ್ದೀಯೇನು?” ಎಂದಳು.

“ನಾ ಆರಾಮ. ನಿಮ್ಮವ್ವ ಹೆಂಗದಾಳ?”

“ಅದಾಳ. ಅಲ್ಲೇ ಅದಾಳ.”

ಮುದುಕಿ ತಲೆಯಾಡಿಸಿ, ಇವಳ ಕೆನ್ನೆ ಸವರಿ ಬೆರಳು ಮುರಿದು, ಜನರಲ್ಲಿ ಸೇರಿಹೋದಳು. ಅವಳು ಯಾರೆಂದು ಕೇಳಿದೆ. ಗೊತ್ತಿಲ್ಲವೆಂದಳು. ಮತ್ತೇಕೆ ಉತ್ತರ ಕೊಟ್ಟೆ ಎಂದೆ.

“ಕೇಳಿದಳಲ್ಲರಿ,” ಎಂದಳು. ಆ ಉತ್ತರ ಸಾಲದೆಂದು ಅವಳಿಗೂ ತೋರಿರಬೇಕು. ರೈಲು ಬಂದ ಮೇಲೆ ಕಿಟಕಿಯ ಕಡೆ ಮುಖ ಮಾಡಿ, “ನಾ ಅಂದಿದ್ದಲ್ಲ ಅನಸ್ತದ,” ಎಂದಳು.

ಮುಂದಿನ ಜನವರಿಯಲ್ಲಿ, ೨೦೨೪ರ ಜನವರಿ ಹತ್ತೊಂಬತ್ತರಂದು, ಕುತ್ತಿಗೆಯ ಕೆಳಗೆ ಉಳಿದಿದ್ದ ಕಪ್ಪು ಕೆಂಪು ತುದಿಯನ್ನೆಲ್ಲ ನನ್ನ ಕೈಯಿಂದಲೇ ಕತ್ತರಿಸಿಕೊಂಡಳು. ಅಂಗಳದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದಳು. ಕತ್ತರಿ ಹಾಕಿದಾಗ ಆ ಕೂದಲು ಒಣ ಹುಲ್ಲಿನಂತೆ ಸದ್ದು ಮಾಡಿತು. ಬಿಳಿಯ ಭಾಗ ತಗುಲಿದಾಗ ಸದ್ದೇ ಇಲ್ಲ, ಅಷ್ಟು ಮೆದು. ಎದ್ದು ನಿಂತಾಗ ಅವಳ ತಲೆಯಲ್ಲಿ ಬೇರೆ ಬಣ್ಣ ಉಳಿದಿರಲಿಲ್ಲ.

ಆ ದಿನದಿಂದ ಒಂದು ವಿಚಿತ್ರ ಅದಲುಬದಲಾಯಿತು. ಅವಳು ನಿರಾಳಳಾದಳು, ಅಂಜಿಕೆ ನನಗೆ ಹತ್ತಿತು. ಅವಳು ಕೆಮ್ಮಿದರೆ ಕೈಯಲ್ಲಿದ್ದ ಪುಸ್ತಕ ಕೆಳಗಿಡುತ್ತಿದ್ದೆ. ಬಚ್ಚಲಲ್ಲಿ ಹೊತ್ತಾದರೆ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. “ಏನ್ರಿ, ಯಮನ ಚಪರಾಸಿ ಹಂಗ ನಿಂತೀರಿ?” ಎಂದು ಅವಳು ಒಳಗಿನಿಂದಲೇ ನಗುತ್ತಿದ್ದಳು. ಅಕ್ಕನ ಸಂದಿಯ ಆ ಉದ್ದನೆಯ ಎಳೆ ನನ್ನ ಬೆರಳುಗಳ ನಡುವೆ ಇನ್ನೂ ಎದ್ದು ಬರುತ್ತಲೇ ಇತ್ತು. ಅದನ್ನು ಅವಳಿಗೆ ಹೇಳಲೂ ಆಗುತ್ತಿರಲಿಲ್ಲ.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಕೀಲು ಕೀಲು ಹಿಡಿಯುವ ಜ್ವರ. ಊರಿನಲ್ಲಿ ಮನೆಗೊಬ್ಬರು ಮಲಗಿದ್ದರು, ಎಲ್ಲರೂ ಏಳುತ್ತಿದ್ದರು. ಇವಳು ಏಳಲಿಲ್ಲ. ಮೂರನೆಯ ವಾರಕ್ಕೆ ಲೋಟ ಹಿಡಿಯುವ ಶಕ್ತಿಯೂ ಹೋಗಿ, ಗೋಡೆಗೆ ದಿಂಬು ಕೊಟ್ಟು ಒರಗಿಸಿ ಕೂಡಿಸಬೇಕಾಯಿತು. ಬಿಳಿ ತಲೆ, ಮುಚ್ಚಿದ ಕಣ್ಣು, ಗೋಡೆಗೊರಗಿದ ಮೈ. ನಾನು ಆ ಭಂಗಿಯನ್ನು ನೋಡಲಾರದೆ ಪ್ರತಿ ಸಲವೂ ಅವಳ ಕೈ ಮುಟ್ಟಿ ನೋಡುತ್ತಿದ್ದೆ. ಚಿಂಚೋಳಿಯಿಂದ ದಿನಾ ಫೋನ್ ಬರುತ್ತಿತ್ತು: “ಈಗಾದ್ರೂ ಜರಾ ಹಚ್ಚರಿ ಮಾಸ್ತರ. ಬೈತಲಿ ಅಷ್ಟೇ ಹಚ್ಚರಿ, ಸಾಕು.” ಒಂದು ಮಧ್ಯಾಹ್ನ, ಪೊಟ್ಟಣ ಮಾರುವ ಅಂಗಡಿಯ ಮುಂದೆ ನಾನು ನಿಂತಿದ್ದೆನೆಂಬುದನ್ನೂ ಬರೆಯಬೇಕು. ಕೊಳ್ಳಲಿಲ್ಲ.

ಜ್ವರಕ್ಕೆ ಅವಳ ಕೂದಲು ರಾಶಿ ಉದುರುತ್ತಿತ್ತು. ತಲೆ ಸಿಕ್ಕಾಗಿ ತುರಿಸುತ್ತದೆಂದು ನಾನೇ ದಿನಾ ಬಾಚುತ್ತಿದ್ದೆ. ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತುತ್ತಿದ್ದೆ; ಇಷ್ಟು ವರ್ಷ ನೋಡಿದ ಕೈಚಲನೆ ಯಾರೂ ಕಲಿಸದೆ ಬಂದಿತ್ತು. ಸುತ್ತಿದ ಮೇಲೆ ಅದನ್ನೇನು ಮಾಡುತ್ತಿದ್ದೆನೆಂಬುದು ನನ್ನ ಗಮನದಲ್ಲಿರಲಿಲ್ಲ. ಒಂದು ದಿನ ಔಷಧದ ಚೀಟಿಗಾಗಿ ಅಂಗಿಯ ಜೇಬಿಗೆ ಕೈ ಹಾಕಿದಾಗ ಬೆರಳುಗಳು ಮೆತ್ತನೆಯ ಏನನ್ನೋ ಹಿಡಿದವು. ಜೇಬು ತುಂಬ ಅವಳ ಬಿಳಿಯ ಉಂಡೆಗಳು. ನನ್ನ ಅಂಗಿ, ನನ್ನ ಜೇಬು, ಅವಳ ಕೂದಲು.

ಉಂಡೆಯನ್ನು ಕೈಯಲ್ಲಿ ಹಿಡಿದು ನಾನು ನಿಂತಲ್ಲಿಯೇ ನಿಂತೆ. ಹಾಸಿಗೆಯಿಂದ ಏಳಲಾರದವಳ ಕೂದಲು ಅವಳ ಜಾಗಕ್ಕೆ ಹೋಗುವುದಿಲ್ಲ. ಬಾಚಿದವರ ಜಾಗಕ್ಕೆ ಹೋಗುತ್ತದೆ. ಆಡಕಿಯಲ್ಲಿ ನಾನು ಸಾಲಾಗಿ ಇಟ್ಟ ಅತ್ತೆಯ ಉಂಡೆಗಳಲ್ಲಿ ಪೂರ್ತಿ ಬಿಳಿಯದು ಒಂದೂ ಇರಲಿಲ್ಲ. ಒಂದು ವರ್ಷ ಬಣ್ಣವಿಲ್ಲದೆ ಮಲಗಿದವಳ ಬಿಳಿ ಕೂದಲು ಎಲ್ಲಿಗೆ ಹೋಯಿತೆಂದು ನಾನು ಕೇಳಬೇಕಾಗಿತ್ತು. ಇದ್ದದ್ದನ್ನು ಮಾತ್ರ ನೋಡಿದೆ, ಇಲ್ಲದ್ದನ್ನು ನೋಡಲಿಲ್ಲ. ಉದ್ದದ ಮಾತು ಇನ್ನೂ ಉಳಿದಿತ್ತು. ಜೇಬಿನ ಉಂಡೆಯಿಂದ ಒಂದು ಎಳೆಯ ತುದಿ ಹಿಡಿದು ಎತ್ತಿದೆ. ಅದು ಬರುತ್ತಲೇ ಇತ್ತು, ಗೇಣಾಯಿತು, ಮೊಳವಾಯಿತು. ಗಿಡ್ಡ ಕೂದಲಿನ ತಲೆಯಿಂದ ಮೊಳದುದ್ದದ ಎಳೆ. ಕಿಟಕಿಗೆ ಹಿಡಿದು ಉಗುರಿನಿಂದ ಸವರಿದಾಗ ಅದು ಮೂರಾಗಿ ಬಿಟ್ಟಿತು. ಬೆರಳಿಗೆ ಸುತ್ತುವಾಗ ಒಂದರ ಬಾಲ ಇನ್ನೊಂದರ ತಲೆಗೆ ಹೊಸೆದುಕೊಂಡಿತ್ತು, ಅಷ್ಟೇ.

ಅವಳ ಹಾಸಿಗೆಯ ಬಳಿ ಹೋಗಿ ಹೇಳಿದೆ. ಕಣ್ಣು ತೆರೆಯದೆ ಕೇಳಿದಳು.

“ನಾ ಅವತ್ತೇ ಹೇಳಿದ್ದೆ,” ಎಂದಳು. ಆಮೇಲೆ, “ನಿಮ್ಮ ಕಿಸೆದಾಗಿದ್ದದ್ದು ತಗೀಬ್ಯಾಡ್ರಿ. ಅಲ್ಲೇ ಇರಲಿ,” ಎಂದಳು.

ನಂಬಿಕೆಯ ತಿರುಳು ಸುಳ್ಳೆಂದು ನನಗೆ ಖಚಿತವಾದದ್ದು, ಅದು ನಿಜವಾಗುವಂತೆ ಕಂಡ ದಿನಗಳಲ್ಲಿಯೇ. ಗೊತ್ತಾದರೂ ಅವಳ ಕೈ ಮುಟ್ಟಿ ನೋಡುವುದನ್ನು ನಾನು ಬಿಡಲಿಲ್ಲ. ಮಹಾನವಮಿಯ ಹೊತ್ತಿಗೆ ಅವಳು ಗೋಡೆ ಹಿಡಿದು ನಡೆದಳು. ದೀಪಾವಳಿಗೆ ಹೋಳಿಗೆ ತಟ್ಟಿದಳು.

ಹೇಳಿದ ವರ್ಷ ತುಂಬಿದ ದಿನ ಆಡಕಿಗೆ ಹೋಗಬೇಕೆಂದು ಅವಳೇ ಹೊರಡಿಸಿದಳು. ಹಿತ್ತಲ ಬಾಗಿಲು ತೆರೆದಾಗ ಗೋಡೆಯ ಮೇಲಿನ ಎಳೆಗಳು ಮತ್ತೆ ಮೆಲ್ಲಗೆ ಎದ್ದವು. ಈ ಸಲ ಅವಳು ಅವುಗಳ ಎದುರು ಕಾಲು ಮಡಚಿ ಕುಳಿತು, ಹೊಲದಿಂದ ತಂದ ಕರಿ ಮಣ್ಣನ್ನು ತೊಟ್ಟಿಯ ನೀರಿನಲ್ಲಿ ಕಲಸಿದಳು. ಮೊದಲು ಅವ್ವನ ಸಂದಿ, ಆಮೇಲೆ ಅಕ್ಕನದು. ಹೊರಗೆ ಚಾಚಿದ ಕೂದಲನ್ನು ಕೂಸಿನ ಕೈ ಹೊದಿಕೆಯೊಳಗೆ ಸೇರಿಸುವಂತೆ ಒಳಗೆ ಸೇರಿಸಿ, ಮಣ್ಣು ಇಟ್ಟು, ಮೂರು ಬೆರಳಿನಿಂದ ಒತ್ತಿದಳು. “ಇವರು ಹೋಗಿ ಭಾಳ ವರ್ಷ ಆತು. ಮುಚ್ಚವರು ಯಾರೂ ಇದ್ದಿದ್ದಿಲ್ಲ,” ಎಂದಳು. ಹಸಿ ಮಣ್ಣಿನ ಮೇಲಿನ ಹೊಸ ಗುರುತನ್ನೂ ಮೂರನೆಯ ಸಂದಿಯ ಹಳೆಯ ಗುರುತನ್ನೂ ನಾನು ಹೋಲಿಸಿ ನೋಡಿದೆ. ಬೇರೆ ಬೇರೆ ಕೈಯವೆಂದು ಯಾರೂ ಹೇಳುತ್ತಿರಲಿಲ್ಲ.

ಆಮೇಲೆ ಮುಡಿಯ ಪಿನ್ನು ತೆಗೆದು, ತನ್ನ ಸಂದಿಯ ಮಣ್ಣನ್ನು ಅಂಚಿನಿಂದ ಕೆರೆಯತೊಡಗಿದಳು. ಮಣ್ಣು ಬಿಲ್ಲೆಯಾಗಿ ಕಳಚಿ ಅವಳ ಮಡಿಲಿಗೆ ಬಿತ್ತು. ಸಂದಿಯ ಬಾಯಲ್ಲೇ ಒಂದು ಉಂಡೆ. ಮದುವೆಯ ದಿನ ಬೆಳಗ್ಗೆ ಬಾಚಿದ್ದಿರಬೇಕು. ಅದನ್ನು ನನ್ನ ಅಂಗೈಯಲ್ಲಿಟ್ಟಳು. ಗೋಡೆ ತಣ್ಣಗಿತ್ತು, ಅದು ಬೆಚ್ಚಗಿತ್ತು. ಬಿಸಿಲಿನಿಂದಲೇ ಇರಬೇಕು.

ಅದು ಕಪ್ಪಾಗಿರಲಿಲ್ಲ. ಹುಣಸೆ ಬೀಜದ ಕಂದು, ಅಂಚಿನಲ್ಲಿ ಜೇನಿನ ಬಣ್ಣ. ಇಪ್ಪತ್ತು ವರ್ಷ ಅವಳು ಹಚ್ಚಿಕೊಂಡ ಕಪ್ಪು ಅವಳದಾಗಿರಲೇ ಇಲ್ಲ. ನಾನು ಅವಳನ್ನು ಮದುವೆಯಾದವನು, ನನಗೂ ನೆನಪಿರಲಿಲ್ಲ.

“ಅಯ್ಯ, ನಾ ಹಿಂಗಿದ್ದೆ?” ಎಂದು ನಕ್ಕಳು. ಬೈತಲೆಗೆ ಬಾಚಣಿಗೆ ಹಾಕಿ, ಬಂದ ಬಿಳಿ ಎಳೆಗಳನ್ನು ಆ ಕಂದು ಉಂಡೆಯ ಮೇಲೆಯೇ ಸುತ್ತಿ, ಉಗುಳು ಸೋಕಿಸಿ, ಸಂದಿಯೊಳಗಿಟ್ಟಳು. ಮಗಳಿಗೆ ಫೋನ್ ಮಾಡಿ ಏನೂ ಹಚ್ಚಬ್ಯಾಡ ಎಂದಷ್ಟೇ ಹೇಳಿದಳು. ನಾನು ಉಳಿದ ಮಣ್ಣನ್ನು ಕೈಗೆ ತೆಗೆದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದಳು.

“ನಂದು ತೆರದಿರಲಿ ಬಿಡ್ರಿ. ನಾ ಇನ್ನಾ ಅದೀನಿ.”

ಅಂದು ೨೦೨೫ನೆಯ ಇಸವಿ ಜನವರಿ ಹತ್ತೊಂಬತ್ತು, ಭಾನುವಾರ.